ಕಾಗದದ ದೋಣಿ ಗಿರಕಿ ಹೊಡೆದ ಜಾಗ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಆದರೆ ಇಡೀ ಊರಿನ ಗದ್ದೆಗಳ ಟೈಮ್‌ಟೇಬಲ್ ನಮ್ಮ ಅಪ್ಪನ ತಲೆಯಲ್ಲಿತ್ತು. ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ಹಾಯಿಸುವುದು, ಹೊತ್ತಿಗೆ ಸರಿಯಾಗಿ ತೂಬು ಮುಚ್ಚುವುದು, ಎಲ್ಲ ಅವನ ಕೆಲಸ. ಬಿಸಿಲಿನಲ್ಲಿ ನಿಂತು ತನ್ನ ನೆರಳನ್ನು ತಾನೇ ಹೆಜ್ಜೆ ಇಟ್ಟು ಅಳೆಯುತ್ತಿದ್ದ. ಇಷ್ಟು ಹೆಜ್ಜೆಗೆ ಇವರ ಸರದಿ ಮುಗಿಯಿತು, ಇನ್ನು ಮುಂದಿನವರದು. ಆ ಲೆಕ್ಕ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಹಳ್ಳಿಮೈಸೂರಿನಿಂದ ಗಾಡಿ ಜಾಡು ಹಿಡಿದು ಒಳಗೆ ನಡೆದರೆ ನಮ್ಮೂರು. ಹೇಮಾವತಿ ಹೊಳೆ ನಮಗೆ ದೂರ. ಹೊಳೆಯ ಮಗ್ಗುಲಿನ ಊರುಗಳವರು ಹೊಳೆಗೆ ಅಡ್ಡ ಕಟ್ಟೆ ಹಾಕಿ ನಾಲೆಯಲ್ಲಿ ನೀರು ತರುತ್ತಿದ್ದರು. ಹಿರೀಸಾವೆ ಕಡೆಯ ನಮ್ಮ ಅತ್ತೆಯ ಊರಿನಲ್ಲಿ ಕಪಿಲೆ ಬಾವಿಯಿತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ, ಚರ್ಮದ ದೊಡ್ಡ ಚೀಲ ನೀರು ತುಂಬಿಕೊಂಡು ಬಾವಿಯಿಂದ ಮೇಲೆ ಬರುತ್ತಿತ್ತು. ನಮಗೋ ಮಳೆ ನೀರಿನ ಕೆರೆಯೊಂದೇ ಗತಿ. ಗುಡ್ಡದಿಂದ ಇಳಿದು ಬಂದ ನೀರನ್ನು ಮಣ್ಣಿನ ಏರಿ ತಡೆದು ನಿಲ್ಲಿಸುತ್ತಿತ್ತು. ಏರಿಯ ಬುಡದಲ್ಲಿ ಕಲ್ಲಿನ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಒಂದೊಂದು ಗದ್ದೆಗೂ ಒಂದೊಂದು ಮಡೆ. ಮಡೆ ಎಂದರೆ ಬದುವಿನಲ್ಲಿ ಬಿಟ್ಟ ಸಣ್ಣ ಬಾಯಿ. ಗುದ್ದಲಿಯಲ್ಲಿ ಎರಡು ಹೆಂಟೆ ಮಣ್ಣು ತೆಗೆದರೆ ತೆರೆಯಿತು, ಅದೇ ಮಣ್ಣು ಒತ್ತಿದರೆ ಮುಚ್ಚಿತು. ದಟ್ಸ್ ಆಲ್. ಇಷ್ಟರಲ್ಲೇ ಊರಿಗೆಲ್ಲ ಅನ್ನ ಆಗಬೇಕಿತ್ತು.

ಹಿಂದಿನವರು ಒಂದು ಜಾಣತನ ಮಾಡಿದ್ದರು. ನೀರುಗಂಟಿಗೆ ಸಂಬಳದ ಬದಲು ಒಂದು ಗದ್ದೆ ಬಿಟ್ಟುಕೊಟ್ಟಿದ್ದರು, ಆದರೆ ಅದು ಕಾಲುವೆಯ ಕಟ್ಟಕಡೆಯಲ್ಲಿತ್ತು. ಎಲ್ಲರೂ ಅದನ್ನು ಕೊನೆಗದ್ದೆ ಎನ್ನುತ್ತಿದ್ದರು. ನೀರುಗಂಟಿಯ ಪೈರು ಹಸಿರಾಗಿದ್ದರೆ ನೀರು ಎಲ್ಲರ ಗದ್ದೆಯನ್ನೂ ದಾಟಿ ಬಂದಿದೆ, ಎಲ್ಲೂ ಪೋಲಾಗಿಲ್ಲ ಎಂದು ಅರ್ಥ. ನಮ್ಮದು ಊರಾಚೆಯ ಕೇರಿ. ಊರೊಳಗೆ ಹೋದರೆ ಅಪ್ಪ ಯಾರ ಜಗುಲಿಯನ್ನೂ ಹತ್ತುವಂತಿರಲಿಲ್ಲ, ಅಂಗಳದಲ್ಲೇ ನಿಂತು ಮಾತಾಡಬೇಕು. ಕಾಲುವೆಯ ದಡದ ಮೇಲೆ ಮಾತ್ರ ಎಂಥ ದೊಡ್ಡ ಹಿಡುವಳಿಯ ಗೌಡರಾದರೂ ಅಪ್ಪ ‘ಹೂಂ’ ಅನ್ನುವ ತನಕ ಗುದ್ದಲಿ ಎತ್ತುತ್ತಿರಲಿಲ್ಲ.

ನಾನಾಗ ಹಾಸನದ ಒಂದು ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಲ್ಲಿನ ಸಿಸ್ಟರುಗಳು ಹಳ್ಳಿಯ ಕೆಲವು ಹುಡುಗಿಯರನ್ನು ಬೋರ್ಡಿಂಗಿನಲ್ಲಿ ಫ್ರೀಯಾಗಿ ಇಟ್ಟುಕೊಳ್ಳುತ್ತಿದ್ದರು. ನಾವು ವರಾಂಡ ಗುಡಿಸಬೇಕು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಡಬೇಕು. ಆ ಸಲ ದೀಪಾವಳಿ ಹಾಲಿಡೇಸ್‌ಗೆ ಬರುವಾಗ ನಾನು ತಂದಿದ್ದು ಒಂದು ನೀಲಿ ಫ್ರಾಕು, ಮಾತಿಗೊಂದು ‘ಪ್ಲೀಸ್’, ಮತ್ತು ಪೇಪರ್ ಬೋಟ್ ಮಾಡುವ ವಿದ್ಯೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಸ್ಕೂಲಿನ ಮುಖ ಕಂಡವಳಲ್ಲ. ನಾನು ಪ್ಲೀಸ್ ಅಂದಾಗಲೆಲ್ಲ ‘ಪಿಳ್ಳೀಸು, ಪಿಳ್ಳೀಸು’ ಎಂದು ಅಣಕಿಸಿ ನಗುತ್ತಿದ್ದಳು.

ಬಂದ ಮರುದಿನವೇ ನಾವಿಬ್ಬರೂ ಏಡಿ ಹಿಡಿಯಲು ಹೊರಟೆವು. ಅಪ್ಪ ಒಂದೇ ಒಂದು ರೂಲ್ ಮಾಡಿದ್ದ. ಗದ್ದೆಯ ಬದುವಿನಲ್ಲಿ ಎಷ್ಟು ಬೇಕಾದರೂ ಏಡಿ ಹಿಡಿಯಿರಿ, ಕಾಲುವೆಯ ದಡಕ್ಕೆ ಮಾತ್ರ ಕೈ ಹಾಕಬೇಡಿ. ಅಕ್ಕ ಬದುವಿನಲ್ಲೇ ಹುಡುಕುತ್ತಿದ್ದಳು. ನಾನು ಸುಮ್ಮನೆ ಅಲೆಯುತ್ತ ಕಾಲುವೆಯ ಅರ್ಧ ದಾರಿಯಲ್ಲಿದ್ದ ಹೊಂಗೆ ಮರದ ಹತ್ತಿರ ಹೋದೆ. ಅಲ್ಲಿ ದಡದ ಹೊರಮೈಯಲ್ಲಿ, ಲಾಂಟಾನ ಪೊದೆಯ ಹಿಂದೆ, ನನ್ನ ಮುಷ್ಟಿಯಷ್ಟು ದೊಡ್ಡ ಬಿಲ ಕಂಡಿತು. ಕಾಲುವೆ ಅಂದು ಒಣಗಿತ್ತು. ನೀರೇ ಇಲ್ಲದ ಮೇಲೆ ತಪ್ಪೇನು ಎಂದು ನನ್ನ ಕಾನ್ವೆಂಟ್ ಬುದ್ಧಿ ಹೇಳಿತು. ಕಡ್ಡಿಯಿಂದ ಕೆದಕಿ, ಕೈಯಿಂದ ಬಗೆದು, ತೋಳು ಪೂರ್ತಿ ಒಳಗೆ ಹೋಗುವಷ್ಟು ತೋಡಿದೆ. ಅಂಗೈಯಗಲದ ಏಡಿ ಸಿಕ್ಕಿತು. ಬದುವಿನಲ್ಲಿ ಸಿಕ್ಕಿದ್ದು ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಅವ್ವ ಬೆಳ್ಳುಳ್ಳಿ, ಮೆಣಸು ಅರೆದು ಸಾರು ಮಾಡಿದಳು. ದೊಡ್ಡ ಕೊಂಡಿಯನ್ನು ಅಪ್ಪನೇ ಮುರಿದು ನನ್ನ ತಟ್ಟೆಗೆ ಹಾಕಿದ.

ಅದರ ಮರುದಿನ ಆ ವರ್ಷದ ಕಡೆಯ ನೀರು. ಮಳೆ ಬೇಗ ನಿಂತುಹೋಗಿ ಕೆರೆ ತಳ ಮುಟ್ಟುತ್ತ ಬಂದಿತ್ತು. ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಒಂದು ಸಲ ಗದ್ದೆಗೆ ಹಾಯಿಸುವುದು, ಆಮೇಲೆ ತೂಬು ಮುಚ್ಚಿ, ಉಳಿದದ್ದನ್ನು ಬೇಸಿಗೆಗೆ ದನಕರುಗಳಿಗೆ ಇಡುವುದು ಎಂದು ಊರಿನವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಭತ್ತ ಆಗ ಹಾಲುಗಾಳಾಗಿತ್ತು. ತೆನೆಯ ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಬೆಳ್ಳನೆಯ ಹಾಲು ಚಿಮ್ಮುತ್ತಿತ್ತು. ಆ ಹಾಲು ಗಟ್ಟಿಯಾಗಿ ಅಕ್ಕಿಯಾಗಬೇಕಾದರೆ ಬುಡಕ್ಕೆ ಇನ್ನೊಂದು ಸಲ ನೀರು ಬೇಕು. ಸಿಗದಿದ್ದರೆ ಬರೀ ಜೊಳ್ಳು. ನಮಗಿದ್ದದ್ದು ಅದೊಂದೇ ಗದ್ದೆ. ಸಂಜೆಯೊಳಗೆ ನೀರು ಕೊನೆಗದ್ದೆ ಮುಟ್ಟಬೇಕು, ಮುಟ್ಟದಿದ್ದರೆ ವರ್ಷವಿಡೀ ನಮ್ಮ ಮನೆಯಲ್ಲಿ ಅನ್ನವಿಲ್ಲ.

ಬೆಳಕು ಹರಿಯುತ್ತಲೇ ಅಪ್ಪ ತೂಬು ಎತ್ತಿದ. ಒಣ ಕಾಲುವೆಯಲ್ಲಿ ನೀರು ಬರುವುದನ್ನು ನೀವು ನೋಡಿಲ್ಲ, ಮಕ್ಕಳೇ. ಮೊದಲು ಬರುವುದು ನೊರೆಯ ಒಂದು ನಾಲಿಗೆ, ಅದರ ಮೇಲೆ ತರಗೆಲೆ, ಕಡ್ಡಿ, ಗಾಬರಿಬಿದ್ದ ಇರುವೆಗಳು. ಬಿರುಕುಬಿಟ್ಟ ಮಣ್ಣು ‘ಚುಯ್’ ಎಂದು ಕುಡಿಯುತ್ತದೆ. ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಎಲ್ಲಿದ್ದವೋ ಏನೋ, ಬೆಳ್ಳಕ್ಕಿಗಳು ಹಿಂದೆಯೇ ಬಂದು ಇಳಿಯುತ್ತವೆ.

ಮೇಲಿನ ಗದ್ದೆಗಳೆಲ್ಲ ಬೇಗ ನೆನೆದವು. ಆದರೆ ಹೊತ್ತು ನೆತ್ತಿಗೇರಿದ ಮೇಲೆ ಏಕೋ ನೀರು ಸಣ್ಣಗಾಯಿತು. ಅಪ್ಪನ ಹೆಜ್ಜೆಯ ಲೆಕ್ಕ ಮುಗಿದರೂ ಕೆಳಗಿನವರ ಗದ್ದೆ ಅರ್ಧವೂ ನೆನೆಯಲಿಲ್ಲ. ಪೈರು ಒಣಗಿಸಿ ಹೋಗು ಎಂದು ಯಾರಿಗೆ ಹೇಳಲಾಗುತ್ತದೆ? ಅಪ್ಪ ಒಬ್ಬೊಬ್ಬರಿಗೂ ಇನ್ನಷ್ಟು ಹೊತ್ತು ಕೊಟ್ಟ. ಹಾಗೆ ಕೊಟ್ಟ ಹೊತ್ತೆಲ್ಲ ಕೊನೆಗದ್ದೆಯದು. ಕೆರೆಯಲ್ಲೇ ನೀರಿಲ್ಲ, ಇನ್ನೆಲ್ಲಿಂದ ಬರಬೇಕು ಎಂದು ಎಲ್ಲರೂ ಅಂದರು. ಅಪ್ಪ ಮಾತ್ರ ನಿಂತಲ್ಲೇ ತನ್ನ ನೆರಳನ್ನು ಮತ್ತೆ ಮತ್ತೆ ಅಳೆದ. ಮೂರು ಸಲ ಅಳೆದದ್ದನ್ನು ನಾನೇ ನೋಡಿದೆ. ಅವನ ಮುಖದಲ್ಲಿ ಅಂಥ ಅನುಮಾನವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮಗಿಂತ ಒಂದು ಗದ್ದೆ ಮೇಲಿನವರು ಊರಿನ ಹಿರಿಯ ಗೌಡರು. ತಮ್ಮ ಮಡೆಯ ಹತ್ತಿರ ಕಂಬಳಿ ಹಾಸಿಕೊಂಡು ಕೂತಿದ್ದರು. ಅವರದು ಕೆಟ್ಟ ಮನಸ್ಸಲ್ಲ, ಬಾಯಿ ಮಾತ್ರ ಖಾರ.

“ಏನ್ಲಾ, ಊರ್ಗೆಲ್ಲ ನೀರ್ ಅಂಚ್ದೋನ್ಗೆ ಲೆಕ್ಕ ತಪ್ಪೋಯ್ತಾ? ಓಗ್ಲಿ ಬುಡು, ಇವತ್ತು ತೂಬ ಒಂದ್ ಗಳ್ಗೆ ತಡ್ವಾಗಿ ಮುಚ್ಚು. ಯಾರ್ ನೋಡಾರು?”

“ಅದು ದನ ಕುಡಿಯೋ ನೀರು ಬುದ್ಧಿ,” ಎಂದ ಅಪ್ಪ. “ಯಾರೂ ನೋಡ್ದಿದ್ರೂ ನಾನ್ ನೋಡ್ತಾ ಇರ್ತೀನಲ್ಲ.”

ಅವ್ವ ಕೊನೆಗದ್ದೆಯ ಬದುವಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಕ್ಕನನ್ನು ಎಳೆದುಕೊಂಡು ಕಾಲುವೆಯ ಗುಂಟ ಮೇಲಕ್ಕೆ ನಡೆದೆ. ಫ್ರಾಕಿನ ಜೇಬಿನಲ್ಲಿ ಅರಿತ್ಮೆಟಿಕ್ ಪರೀಕ್ಷೆಯ ಪೇಪರ್ ಇತ್ತು. ಮಾರ್ಕ್ಸ್ ಯಾರಿಗೂ ತೋರಿಸುವಂಥದ್ದಲ್ಲ, ಐ ಮಸ್ಟ್ ಸೇ. ಅದನ್ನೇ ಮಡಿಸಿ ಬೋಟ್ ಮಾಡಿ ನೀರಿಗೆ ಬಿಟ್ಟೆ. ಅಕ್ಕ ಸುಮ್ಮನಿದ್ದಾಳೆಯೇ? ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ತನ್ನದೊಂದು ಬಿಟ್ಟಳು. ಎರಡೂ ಒಂದನ್ನೊಂದು ಅಟ್ಟಿಸಿಕೊಂಡು ಹೊರಟವು. ನಾವು ದಡದ ಮೇಲೆ ಓಡಿದೆವು.

ಹೊಂಗೆ ಮರದ ಹತ್ತಿರ ನನ್ನ ಬೋಟ್ ನಿಂತಿತು. ನಿಂತದ್ದಲ್ಲ, ಗಿರಗಿರನೆ ತಿರುಗತೊಡಗಿತು. ಅಕ್ಕನ ಎಲೆಯೂ ಬಂದು ಅಲ್ಲೇ ಗಿರಕಿ ಹೊಡೆಯಿತು. ಅವಳು ಕಡ್ಡಿಯಿಂದ ಮುಂದಕ್ಕೆ ತಳ್ಳಿದಳು. ಒಂದು ಮಾರು ಹೋಗುವುದರೊಳಗೆ ಮತ್ತೆ ಹಿಂದಕ್ಕೆ ಬಂದು ದಡಕ್ಕೆ ಅಂಟಿಕೊಂಡಿತು. ಯಾರೋ ನೀರಿನ ಕೆಳಗಿನಿಂದ ಎಳೆದ ಹಾಗೆ. ನಾನು ಉಸಿರು ಹಿಡಿದು ಕಿವಿಗೊಟ್ಟೆ. ದಡದ ಆಚೆ, ಲಾಂಟಾನ ಪೊದೆಯೊಳಗಿನಿಂದ ‘ಗುಳು ಗುಳು’ ಸದ್ದು ಬರುತ್ತಿತ್ತು.

ನಾನು ತೋಡಿದ ಬಿಲ ಅದು. ಒಳಗೆ ಉಳಿದಿದ್ದ ತೆಳ್ಳನೆಯ ಮಣ್ಣು ನೀರಿನ ಭಾರಕ್ಕೆ ಕುಸಿದಿತ್ತು. ನಮ್ಮ ವರ್ಷದ ಅನ್ನ ಪೊದೆಯ ಹಿಂದಿನ ಕೊರಕಲಿಗೆ ಇಳಿದು ಹೋಗುತ್ತಿತ್ತು. ಏಡಿಯೇ ತೋಡಿದ್ದು ಎಂದು ಹೇಳಬಹುದಿತ್ತು. ಅಲ್ಲವೆನ್ನಲು ಏಡಿ ಇರಲಿಲ್ಲ, ಸಾರಾಗಿ ಹೋಗಿತ್ತು. ಆದರೆ ನೆರಳು ಅಳೆಯುತ್ತಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂತು. ಒಂದೇ ಉಸಿರಿಗೆ ಓಡಿಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. “ನಿನ್ ಲೆಕ್ಕ ತಪ್ಪಿಲ್ಲ ಕಣಪ್ಪ, ನಾನೇ ತೂತು ಮಾಡ್ದೆ.”

ಅಪ್ಪ ಬೈಯಲಿಲ್ಲ, ಬೈಯುವಷ್ಟು ಹೊತ್ತೂ ಇರಲಿಲ್ಲ. ನನಗಿಂತ ಮುಂದೆ ಓಡಿ ಕಾಲುವೆಗೆ ಇಳಿದ. ಕಾಲಿನಿಂದ ತಡಕಿದಾಗ ಮೊಣಕಾಲಿನವರೆಗೂ ಒಳಗೆ ಹೋಯಿತು. ಮಳೆ, ಚಳಿ ಎನ್ನದೆ ಹೆಗಲ ಮೇಲಿರುತ್ತಿದ್ದ ತನ್ನ ಕಂಬಳಿಯನ್ನು ಸುತ್ತಿ ಆ ತೂತಿಗೆ ತುರುಕಿ, ಅದರ ಮೇಲೆ ಬೆನ್ನು ಕೊಟ್ಟು ನಿಂತ. ಅಕ್ಕ ಲಕ್ಕಿ ಗಿಡದ ಕೊಂಬೆಗಳನ್ನು ಮುರಿದು ಮುರಿದು ಎಸೆದಳು. ನಾನು ನೀಲಿ ಫ್ರಾಕಿನ ಮಡಿಲಿನಲ್ಲೇ ಜೇಡಿಮಣ್ಣು ಹೊತ್ತೆ. ನನ್ನ ಮಡಿಲಿನ ಮಣ್ಣು ಯಾವ ಮೂಲೆಗೂ ಸಾಲದು ಎನ್ನುವಾಗ, ಹಿಂದೆ ಗುದ್ದಲಿಯ ಸದ್ದು ಕೇಳಿಸಿತು. ಗೌಡರು ಪಂಚೆ ಎತ್ತಿ ಕಟ್ಟಿಕೊಂಡು ಹುಲ್ಲಿನ ಹೆಂಟೆಗಳನ್ನು ಕಡಿಯುತ್ತಿದ್ದರು. ಒಂದೊಂದನ್ನೂ ಎತ್ತಿ ಅಪ್ಪನ ಕೈಗೇ ಕೊಡುತ್ತಿದ್ದರು. ಅಂಗಳದಲ್ಲೇ ನಿಲ್ಲಬೇಕಾದ ಅಪ್ಪನ ಕೈಗೆ, ಅವರ ಕೈಯಿಂದಲೇ. ಆ ಹೊತ್ತಿನಲ್ಲಿ ಅದು ಇಬ್ಬರಿಗೂ ಹೊಳೆಯಲಿಲ್ಲ ಅನ್ನಿಸುತ್ತದೆ. ನಾನು ಮಾತ್ರ ಇವತ್ತಿಗೂ ಮರೆತಿಲ್ಲ.

ಗುಳು ಗುಳು ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಕಾಲುವೆ ಉಬ್ಬತೊಡಗಿತು. ದಡದ ಹುಲ್ಲು ಮುಳುಗಿತು. ಒದ್ದೆಯಾಗಿ ಮುದುಡಿದ್ದ ನನ್ನ ಬೋಟನ್ನು ನೆಟ್ಟಗೆ ಮಾಡಿ ಮತ್ತೆ ಬಿಟ್ಟೆ. ಈ ಸಲ ಅದು ಗಿರಕಿ ಹೊಡೆಯಲಿಲ್ಲ, ಬಾಣದಂತೆ ಹೊರಟಿತು. ಅದರ ಹಿಂದೆ ನಾನು, ನನ್ನ ಹಿಂದೆ ಅಕ್ಕ. ಗೌಡರ ಗದ್ದೆ ನೋಡನೋಡುತ್ತ ನೆನೆಯಿತು. ಅವರೇ ತಮ್ಮ ಮಡೆಗೆ ಮಣ್ಣು ಒತ್ತಿದರು. ಗುಡ್ಡದ ನೆತ್ತಿಗೆ ಸೂರ್ಯ ಇನ್ನೂ ಒಂದು ಮಾರು ಇರುವಾಗ, ಕೆಂಪು ಇಂಕು ಕರಗಿ ಗುಲಾಬಿಯಾಗಿದ್ದ ನನ್ನ ಅರಿತ್ಮೆಟಿಕ್ ಬೋಟ್ ಕೊನೆಗದ್ದೆಯ ಮಡೆ ಹೊಕ್ಕು, ಭತ್ತದ ಬುಡಗಳ ನಡುವೆ ಸಿಕ್ಕಿಕೊಂಡಿತು. ಅದರ ಹಿಂದೆಯೇ ನೀರು. ಪಾದ ಮುಳುಗುವಷ್ಟು ತಣ್ಣನೆಯ ನೀರು. ಅವ್ವ ಎದ್ದು ಗದ್ದೆಯೊಳಗೇ ನಿಂತುಬಿಟ್ಟಳು.

ಅಪ್ಪ ಬದುವಿನ ಮೇಲೆ ನಿಂತು ಕೊನೆಯ ಸಲ ತನ್ನ ನೆರಳನ್ನು ಅಳೆದ. ತೆಂಗಿನ ಮರದಷ್ಟು ಉದ್ದವಾಗಿತ್ತು. ಆಮೇಲೆ ಗುದ್ದಲಿ ಹೆಗಲಿಗೇರಿಸಿ, ಕಂಬಳಿಯಿಲ್ಲದ ಬರೀ ಮೈಯಲ್ಲಿ, ತೂಬು ಮುಚ್ಚಲು ಹೊರಟ. ಹೊತ್ತಿಗೆ ಸರಿಯಾಗಿ, ಒಂದು ಗಳಿಗೆಯೂ ತಡವಿಲ್ಲ.

“ನಿನ್ ಕಿರೀ ಮಗ್ಳು ಆಸನ್ದಲ್ಲಿ ಇದ್ನೇನ್ಲಾ ಕಲ್ತಿರಾದು, ದೋಣಿ ಬುಡಾದ?” ಎಂದು ಗೌಡರು ಕೂಗಿ ಕೇಳಿದರು.

“ಇದ್ನೂ ಕಲ್ತವಳೆ ಬುದ್ಧಿ,” ಎಂದ ಅಪ್ಪ. ಅವನ ದನಿಯಲ್ಲಿ ಅಂಥ ಗತ್ತನ್ನು ಆ ಮೊದಲು ಯಾರೂ ಕೇಳಿರಲಿಲ್ಲ. ನನ್ನನ್ನು ದಾಟಿ ಹೋಗುವಾಗ ಮಾತ್ರ ಮೆಲ್ಲಗೆ, “ಏಡಿ ಸಾರು ಸಂದಾಗಿತ್ತು ಕಣವ್ವ. ಇನ್ಮ್ಯಾಕೆ ಏಡಿಯ ಬದುವ್ನಲ್ಲೇ ಇಡ್ಕೊ,” ಅಂದ.

ಆ ವರ್ಷ ಕೊನೆಗದ್ದೆಯಲ್ಲಿ ಗಟ್ಟಿ ಭತ್ತ ಬೆಳೆಯಿತು. ಹೊಸ ಅಕ್ಕಿಯ ಒಂದು ಗಂಟನ್ನು ಅಪ್ಪ ಹೊತ್ತು ತಂದು ಕಾನ್ವೆಂಟಿನ ಅಡುಗೆಮನೆಗೆ ಕೊಟ್ಟ. ಅಂದು ಬೋರ್ಡಿಂಗಿನವರೆಲ್ಲ ನಮ್ಮ ಗದ್ದೆಯ ಅನ್ನ ಉಂಡರು. ನಾನು ತಲೆ ಎತ್ತಿಕೊಂಡು ಬಡಿಸಿದೆ.

ಈಗ ಆ ಗದ್ದೆಯನ್ನು ನನ್ನ ಮಗ, ಅಂದರೆ ನಿಮ್ಮ ಮಾವ, ನೋಡಿಕೊಳ್ಳುತ್ತಾನೆ. ಬೋರ್‌ವೆಲ್ ಇದೆ, ಮನೆಯಲ್ಲಿ ಕೂತೇ ಮೊಬೈಲಿನಿಂದ ಮೋಟಾರ್ ಆನ್ ಮಾಡುತ್ತಾನೆ. ಕಾಲುವೆಗೆ ಸಿಮೆಂಟ್ ಬಂದಿದೆ, ನೀರುಗಂಟಿ ಎಂಬ ಕೆಲಸವೇ ಇಲ್ಲ. ನಿಮಗೆ ನೀರು ಎಂದರೆ ನಲ್ಲಿ, ಇಲ್ಲವೇ ಟ್ಯಾಂಕರ್. ಅದು ಎಲ್ಲಿಂದ ಹೊರಟಿತು, ದಾರಿಯಲ್ಲಿ ಯಾರ ಗದ್ದೆ ದಾಟಿತು ಎಂದು ನೀವು ನೋಡಿದವರಲ್ಲ. ಅದು ನಿಮ್ಮ ತಪ್ಪಲ್ಲ, ಡಿಯರ್ಸ್. ನಿಮ್ಮ ಬೋಟ್‌ಗಳು ಬಕೆಟ್ಟಿನಲ್ಲಿ ನಿಂತಲ್ಲೇ ನಿಂತಿರುತ್ತವೆ.

ಅದಕ್ಕೇ ಮೊನ್ನೆ ನೀವೆಲ್ಲ ಊರಿಗೆ ಬಂದಾಗ, ಕೆರೆ ತುಂಬಿ ಕಾಲುವೆಗೆ ನೀರು ಬಿಟ್ಟಿದ್ದ ದಿನ, ನಿಮ್ಮ ನೋಟ್‌ಬುಕ್ಕಿನ ಹಾಳೆ ಹರಿದು ಒಂದು ಬೋಟ್ ಮಾಡಿಕೊಟ್ಟೆ. ನೀವು ಮೊಬೈಲ್ ಬಿಟ್ಟು ದಡದ ಮೇಲೆ ಓಡಿದಿರಿ. ನನ್ನ ಮಂಡಿಗೆ ಓಡಲಾಗದು, ಹೊಂಗೆ ಮರದ ಹತ್ತಿರ ನಿಂತು ನೋಡಿದೆ. ಬೋಟ್ ಅಲ್ಲಿ ತಿರುಗಲಿಲ್ಲ, ನಿಲ್ಲಲಿಲ್ಲ, ನೆಟ್ಟಗೆ ಕೊನೆಗದ್ದೆಯ ತನಕ ಹೋಯಿತು. ‘ನೀನು ಹೇಳಿದ ಹಾಗೆ ಎಲ್ಲೂ ಗಿರಕಿ ಹೊಡೀಲೇ ಇಲ್ಲ ಅಜ್ಜಿ’ ಎಂದು ನೀವು ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದಿರಿ. ನಾನು ಮಾತ್ರ ಬಿಸಿಲಿಗೆ ಬೆನ್ನು ಕೊಟ್ಟು, ನನ್ನ ನೆರಳನ್ನು ನಾನೇ ಹೆಜ್ಜೆ ಇಟ್ಟು ಅಳೆಯುತ್ತಿದ್ದೆ. ಹೊತ್ತು ಇನ್ನೂ ಬೇಕಾದಷ್ಟಿತ್ತು.