ಹಿರಣ್ಯಕೇಶಿಗೆ ಇಳಿದ ಮಗ್ಗದ ಹಗ್ಗ

ಐವತ್ತೆಂಟನೆಯ ವಯಸ್ಸಿನಲ್ಲಿ ನಾನೊಂದು ದೋಣಿ ಕೊಂಡೆ. ಇದನ್ನು ಯಾರಿಗೆ ಹೇಳಿದರೂ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ, ಕೊನೆಗೆ ಮನೆಯಲ್ಲಿ ಎಲ್ಲ ಆರಾಮವೇ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಇಚಲಕರಂಜಿ ಪಕ್ಕದ ಯಡ್ರಾವದಲ್ಲಿ ಹನ್ನೆರಡು ಪವರ್‌ಲೂಮ್ ಇಟ್ಟುಕೊಂಡವನು ಹದಿಮೂರನೆಯದನ್ನು ಕೊಂಡರೆ ಅರ್ಥವಿದೆ, ಕಬ್ಬಿನ ಹೊಲ ಕೊಂಡರೂ ಅರ್ಥವಿದೆ. ದೋಣಿಗೆ ಅರ್ಥವಿಲ್ಲ. ಹುಟ್ಟಿದ ಮೇಲೆ ಅರ್ಥವಿಲ್ಲದ್ದನ್ನು ಒಂದಾದರೂ ಕೊಳ್ಳಬೇಕೆಂಬ ಹುಕಿ ನನಗೆ. ಕೊಲ್ಹಾಪುರದ ಕೆರೆಯೊಂದರಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಿ ಸುತ್ತಿ ಸಾಕಾದ ಹಳೆಯ ಫೈಬರ್ ದೋಣಿ ಅದು. ಹಸಿರು ಬಣ್ಣ, ಎರಡು ಹುಟ್ಟು, ಮೂತಿಯ ಮೇಲೆ ಅರ್ಧ ಅಳಿಸಿಹೋದ ಬಾತುಕೋಳಿಯ ಚಿತ್ರ. ಟೆಂಪೋದಲ್ಲಿ ಹೇರಿಕೊಂಡು ಬರುವಾಗ ಆ ಬಾತುಕೋಳಿ ನನ್ನನ್ನೇ ನೋಡಿ ಕಣ್ಣು ಹೊಡೆದಂತೆ ಅನಿಸಿತು.

ದೋಣಿ ಬಂತು, ನೀರು ಬೇಕಲ್ಲ? ನಮ್ಮ ಕಡೆ ಪಂಚಗಂಗೆ ಬೇಸಿಗೆ ಬಂತೆಂದರೆ ಜಲಪರ್ಣಿಯ ಹಸಿರು ಕಳೆ ಹೊದ್ದು ಮಲಗುತ್ತದೆ. ಅದರ ಮೇಲೆ ದೋಣಿ ನಡೆಸುವುದಕ್ಕಿಂತ ಎಮ್ಮೆ ಮೇಯಿಸುವುದು ಸುಲಭ. ಹಾಗಾಗಿ ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿರುವ ನನ್ನ ಹೆಂಡತಿಯ ತವರಿನ ಮೊರೆ ಹೋದೆ. ಹಿರಣ್ಯಕೇಶಿಯ ದಡದಲ್ಲಿ ನನ್ನ ಭಾವಮೈದುನರ ಕಬ್ಬಿದೆ, ಅಲ್ಲಿಂದ ಸ್ವಲ್ಪ ಕೆಳಗೆ ನದಿಗೆ ಅಡ್ಡ ಕಟ್ಟಿದ ಬಂಧಾರವಿದೆ. ಮಳೆಗಾಲ ಮುಗಿದ ಮೇಲೆ ಬಂಧಾರದ ಬಾಗಿಲು ಹಾಕಿದರೆ ನದಿ ಕೆರೆಯ ಹಾಗೆ ಸುಮ್ಮನೆ ನಿಲ್ಲುತ್ತದೆ. ದೋಣಿ ಅವರ ದನದ ಕೊಟ್ಟಿಗೆಗೆ ಹೋಗಿ, ಎರಡು ಹೋರಿಗಳನ್ನು ಹೊರಗೆ ಹಾಕಿ, ತಾನು ಒಳಗೆ ಕೂತಿತು.

ಅಲ್ಲಿಗೆ ನನ್ನ ಹೆಂಡತಿ ಸುಶೀಲಾಳ ಸಹನೆ ಮುಗಿಯಿತು. ತವರಿನಲ್ಲಿ ಅವಳ ಮಾನ ಹೋಗುತ್ತಿತ್ತಂತೆ. ಅವಳು ಹಾಕಿದ ಕರಾರು ಚಿಕ್ಕದು: ಒಮ್ಮೆ, ಒಂದೇ ಒಮ್ಮೆ, ತಾನು ಆ ದೋಣಿಯಲ್ಲಿ ಕೂರುತ್ತಾಳೆ. ಜೀವಕ್ಕೆ ಹಿತವೆನಿಸಿದರೆ ದೋಣಿ ಇರಲಿ. ಇಲ್ಲವಾದರೆ ಮರುದಿನವೇ ಅದು ಗುಜರಿಗೆ. ನನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಮ್ಯಾಟ್ರಿಕ್‌ನಲ್ಲೂ ಬಂದಿರಲಿಲ್ಲ. ಆ ಪರೀಕ್ಷೆಗೆ ನಾನು ಓದಿದ್ದು ಒಂದೇ ವಿಷಯ, ಹಗ್ಗ.

ದೋಣಿಯೆಂದರೆ ಹುಟ್ಟು ಎಂದು ತಿಳಿಯುವವರು ದೋಣಿ ಇಲ್ಲದವರು. ದೋಣಿಯೆಂದರೆ ಹಗ್ಗ. ಹುಟ್ಟು ಹಾಕುವುದು ಒಂದು ತಾಸು, ಉಳಿದ ಇಪ್ಪತ್ಮೂರು ತಾಸು ಅದನ್ನು ಹಿಡಿದಿಡುವುದು ಹಗ್ಗವೇ. ತೆಂಗಿನ ನಾರಿನ ಹಗ್ಗ ನೀರಿಗೆ ಹೆದರುವುದಿಲ್ಲ, ಆದರೆ ಅಂಗೈಯ ತೊಗಲು ಸುಲಿಯುತ್ತದೆ. ನೈಲಾನು ಗಟ್ಟಿ, ನುಣುಪು, ಬಹಳ ನಂಬಿಸುವ ಮುಖದ್ದು. ಗಂಟು ಹಾಕಿ ಆ ಕಡೆ ತಿರುಗಿದರೆ ಮೆಲ್ಲಗೆ ಜಾರಿಕೊಳ್ಳುತ್ತದೆ. ಹತ್ತಿಯ ಹಗ್ಗ ಮೃದು, ಪ್ರೀತಿಯದು, ಆದರೆ ನೀರು ಕುಡಿದು ಕುಡಿದು ಭಾರವಾಗುತ್ತದೆ. ಇಷ್ಟೆಲ್ಲ ತಿಳಿದೂ ನಾನು ಹತ್ತಿಯನ್ನೇ ಆರಿಸಿದೆ. ಕಾರಣ ಅಭಿಮಾನ. ಮಗ್ಗದಲ್ಲಿ ಬಟ್ಟೆಯ ಅಂಚಿನಿಂದ ಕತ್ತರಿಸಿ ಬೀಳುವ ದಾರದ ಪಟ್ಟಿಗಳು ನಮ್ಮಲ್ಲಿ ಚೀಲಗಟ್ಟಲೆ ಇರುತ್ತವೆ. ಅವನ್ನೇ ಹುರಿಗೊಳಿಸಿ, ಕೆಂಪು, ಹಳದಿ, ನೀಲಿ ಬೆರೆಸಿ ನಾನೇ ಹಗ್ಗ ಹೊಸೆದೆ. ಮದುಮಗನ ಕುದುರೆಗೂ ಅಂಥ ಹಗ್ಗ ಇರುವುದಿಲ್ಲ.

ಹಗ್ಗವನ್ನು ನೆರಳಲ್ಲಿ ಒಣಗಿಸಬೇಕು, ಮಣ್ಣು ತಾಗದಂತೆ ಸುರುಳಿ ಮಾಡಿ ತೂಗುಹಾಕಬೇಕು, ಇಲಿಯಿಂದ ಕಾಪಾಡಬೇಕು. ಇದೆಲ್ಲ ನಾನು ತಾಯಿಯ ಹಾಗೆ ಮಾಡಿದೆ. ಒಂದು ದಿನ ಮಾಳಿಗೆಯ ಮೇಲೆ ಹೋಗಿ ನೋಡಿದರೆ ನನ್ನ ಹಗ್ಗದ ಮೇಲೆ ನಾಲ್ಕು ಸೀರೆ, ಎರಡು ದುಪ್ಪಟಿ ಒಣಗುತ್ತಿದ್ದವು. ಇಷ್ಟು ಚಂದದ ಬಟ್ಟೆಹಗ್ಗ ತಂದಿದ್ದಕ್ಕೆ ಸುಶೀಲಾ ಅಂದು ನನ್ನನ್ನು ಹೊಗಳಿದಳು. ನಾನು ತಿದ್ದಲಿಲ್ಲ. ಹೊಗಳಿಕೆ ಅಪರೂಪಕ್ಕೆ ಬರುತ್ತದೆ.

ಹೊಸೆದ ಹಗ್ಗ ಸಾಲದೆ ಹೋದಾಗ ಅದಕ್ಕೆ ಒಂದಿಷ್ಟು ನೈಲಾನು ಜೋಡಿಸಬೇಕಾಯಿತು. ದಪ್ಪಕ್ಕೆ ತೆಳ್ಳನೆಯದನ್ನು ಜೋಡಿಸುವುದು ಹೇಗೆ? ಫೋನಿನಲ್ಲಿ ಹಡಗಿನ ಗಂಟುಗಳ ವೀಡಿಯೊ ಹಚ್ಚಿದೆ. ಗಡ್ಡದ ಮನುಷ್ಯನೊಬ್ಬ ಎರಡು ಹಗ್ಗ ಹಿಡಿದು, ಒಂದನ್ನು ಮಡಚಿ, ಇನ್ನೊಂದನ್ನು ಅದರೊಳಗಿಂದ ತಂದು, ಬಳಸಿ, ತನ್ನಡಿಯಲ್ಲೇ ಸಿಗಿಸಿದ. ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ನಮ್ಮ ಗಂಟು! ಹಾಸಿನ ಎಳೆ ಹರಿದಾಗ ಯಡ್ರಾವದ ಪ್ರತಿಯೊಬ್ಬ ನೇಕಾರನೂ ಕಣ್ಣುಮುಚ್ಚಿ ಹಾಕುವ ಅದೇ ಗಂಟು. ಸಮುದ್ರದಲ್ಲಿ ಹಾಯಿ ಎಳೆಯುವವರೂ ಇಚಲಕರಂಜಿಯಲ್ಲಿ ಧೋತರ ನೇಯುವವರೂ ಬೆರಳಿನಲ್ಲಿ ಅಣ್ಣತಮ್ಮಂದಿರು! ನಾನು ವೀಡಿಯೊ ನಿಲ್ಲಿಸಿ ನಾಲ್ಕು ಜನಕ್ಕೆ ಫೋನು ಮಾಡಿದೆ. ಆ ಗಡ್ಡದವನು ಮುಂದೆ ಏನು ಹೇಳಿದ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಅವನು ಹೇಳಿದ್ದು ಇಷ್ಟು, ಆಮೇಲೆ ನೋಡಿದೆ: ಗಂಟಿನ ತುದಿಗಳನ್ನು ಉದ್ದ ಬಿಡಿ. ನಾನೋ ನಲವತ್ತು ವರ್ಷ ನೇಯ್ದವನು. ಎಳೆಗೆ ಗಂಟು ಬಿದ್ದ ಮರುಕ್ಷಣ ಕತ್ತರಿ ಕೈಗೆ ಬರುತ್ತದೆ, ಬುಡದವರೆಗೂ ತುದಿ ಕತ್ತರಿಸಬೇಕು. ಇಲ್ಲವಾದರೆ ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಂಡು ಬಟ್ಟೆ ಕೆಡುತ್ತದೆ. ದೋಣಿಯ ಹಗ್ಗಕ್ಕೂ ಹಾಗೆಯೇ ಗಂಟು ಹಾಕಿದೆ, ಹಾಗೆಯೇ ಕಚಕ್ ಕಚಕ್ ಎಂದು ಎರಡೂ ತುದಿ ಸಾಫು ಮಾಡಿದೆ. ಬೆರಳಾಡಿಸಿ ನೋಡಿ ಎಂಥ ಸಫಾಯಿ ಎಂದು ಬೀಗಿದೆ. ಹಣಿಗೆಯಲ್ಲಿ ಆ ಹಗ್ಗ ಖಂಡಿತ ಸಿಕ್ಕಿಕೊಳ್ಳುತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಭಾನುವಾರ, ಎಳೆಬಿಸಿಲು, ನದಿಯ ಮೇಲೆ ಸಣ್ಣ ಗಾಳಿ. ಸುಶೀಲಾ ಭಾಕರಿ, ಝುಣಕ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದಳು. ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಅವಳನ್ನು ಹತ್ತಿಸಿದೆ. ಹುಟ್ಟುಗಳು ಕಾಲಿಗೆ ಅಡ್ಡ ಬರುತ್ತವೆ ಎಂದಳು. ತೆಗೆದು ದಡಕ್ಕಿಟ್ಟೆ. ಅವಳು ಸರಿಯಾಗಿ ಕೂತು, ಸೆರಗು ಹೊದ್ದು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಚಪ್ಪಲಿ ಬಿಟ್ಟು ನಾನೂ ಹತ್ತಬೇಕು ಎನ್ನುವಷ್ಟರಲ್ಲಿ ದೋಣಿ ನನ್ನಿಂದ ಎರಡು ಹೆಜ್ಜೆ ದೂರವಿತ್ತು. ನೋಡುತ್ತಿದ್ದಂತೆ ಹತ್ತು ಹೆಜ್ಜೆ. ಗೂಟದಲ್ಲಿ ನನ್ನ ಬಣ್ಣದ ಹಗ್ಗ ಭದ್ರವಾಗಿತ್ತು. ನೈಲಾನು ಮಾತ್ರ ಬಾಲದಂತೆ ದೋಣಿಯ ಹಿಂದೆ ಹೋಗುತ್ತಿತ್ತು.

ಈಗ ಲೆಕ್ಕ ಹಾಕಿ ನೋಡಿ. ನೀರಿನ ನಡುವೆ ಹೆಂಡತಿ ಮತ್ತು ಊಟ. ದಡದ ಮೇಲೆ ಗಂಡ ಮತ್ತು ಎರಡು ಹುಟ್ಟು. ನನಗೆ ಈಜು ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ನೀರು ನಿಂತಿದ್ದು, ದೋಣಿ ಗಟ್ಟಿ, ಅಪಾಯವೇನೂ ಇಲ್ಲ ಎಂದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ದೋಣಿ ಹೋದರೆ ಹೋಗಲಿ, ಅವಳು ಹೆದರಿ ಎದ್ದು ನಿಂತರೆ? ಅಂಜಬೇಡ, ಏಳಬೇಡ, ಅಲುಗಾಡಬೇಡ ಎಂದು ದಡದುದ್ದಕ್ಕೂ ಓಡಾಡಿ ಕೂಗಿದೆ. ಬಣ್ಣದ ಹಗ್ಗ ಬಿಚ್ಚಿ ಬೀಸಿ ಎಸೆದೆ. ನೀರು ಕುಡಿದ ಹತ್ತಿ ನನ್ನ ಕಾಲಬುಡದಲ್ಲೇ ದೊಪ್ಪನೆ ಬಿತ್ತು. ಮತ್ತೆ ಎಸೆದೆ, ಈ ಸಲ ನನ್ನ ಚಪ್ಪಲಿ ನೀರಿಗೆ ಹೋಯಿತು.

ಸಿದ್ದಪ್ಪ ಬಂದದ್ದು ಆಗ. ಕುರಿ ಕಾಯುವವನು, ಸುಶೀಲಾಳ ಊರಿನವನೇ, ಅವಳಿಗೆ ಅಕ್ಕ ಎನ್ನುತ್ತಾನೆ. ಅಕ್ಕನ ಗಂಡನಿಗೆ ಆ ಕಡೆ ದಾಜೀ ಎನ್ನುತ್ತಾರೆ. ಅವನು ದೋಣಿ ನೋಡಿದ, ನನ್ನನ್ನು ನೋಡಿದ, ಒಂದೂ ಪ್ರಶ್ನೆ ಕೇಳದೆ ಸೊಂಟದಿಂದ ತಾನೇ ನೂತ ಉಣ್ಣೆಯ ಹುರಿಯ ಉಂಡೆ ತೆಗೆದ. ತುದಿಗೆ ಕಲ್ಲೊಂದನ್ನು ಕಟ್ಟಿ, ಅಕ್ಕನಿಗೆ ಬಗ್ಗಲು ಹೇಳಿ, ತಪ್ಪಿಸಿಕೊಂಡ ಟಗರಿನ ಮುಂದೆ ಎಸೆಯುವಂತೆ ಬೀಸಿದ. ಕಲ್ಲು ದೋಣಿಯ ಆಚೆ ಬಿತ್ತು, ಹುರಿ ದೋಣಿಯ ಮೇಲೆ ಅಡ್ಡ ಬಿತ್ತು. ಹಡಗಿನವರೂ ಹೀಗೆಯೇ ಮೊದಲು ತೆಳ್ಳನೆಯ ಹುರಿ ಎಸೆದು ಆಮೇಲೆ ದಪ್ಪ ಹಗ್ಗ ಕಳಿಸುತ್ತಾರಂತೆ. ಆದರೆ ಇನ್ನೊಂದು ವೀಡಿಯೊ ನೆನೆಯುವ ಹೊತ್ತು ಅದಾಗಿರಲಿಲ್ಲ. ಸುಶೀಲಾ ಹುರಿ ಹಿಡಿದು, ಎಮ್ಮೆ ಕಟ್ಟುವ ಗಂಟಿನಲ್ಲಿ ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಬಿಗಿದಳು. ತುದಿಯನ್ನು ಮೊಳ ಉದ್ದ ಬಿಟ್ಟಿದ್ದಳು.

"ಎಳೀಲೇನಕ್ಕಾ?" ಎಂದ ಸಿದ್ದಪ್ಪ.

"ತಡಿಯೋ. ಊಟ ಮಾಡ್ತೇನಿ."

ಅವನು ಹುರಿಯ ಈ ತುದಿಯನ್ನು ನನ್ನ ಕೈಗೆ ಕೊಟ್ಟ. "ದಾಜೀ, ಹಿಡ್ಕೊಂಡ ನಿಂದರ್ರಿ. ನನ್ನ ಕುರಿ ಕಬ್ಬಿನಾಗ ಹೊಕ್ಕಾವ," ಎಂದು ಹೋದ.

ನಾನು ನಿಂತೆ. ಅವಳು ಭಾಕರಿ ಮುರಿದು ಝುಣಕ ಹಚ್ಚಿಕೊಂಡು, ನೀರಿನ ಕಡೆ ನೋಡುತ್ತ, ಅವಸರವಿಲ್ಲದೆ ತಿಂದಳು. ಕೈ ತೊಳೆಯಲು ಇಡೀ ಹಿರಣ್ಯಕೇಶಿ ಇತ್ತು. ತೊಳೆದ ಮೇಲೂ ಬಹಳ ಹೊತ್ತು ಬೆರಳುಗಳನ್ನು ನೀರಲ್ಲೇ ಬಿಟ್ಟು ಕೂತಿದ್ದಳು. ಕೊನೆಗೆ ಕೈಸನ್ನೆ ಮಾಡಿದಾಗ ಎಳೆದುಕೊಂಡೆ. ಗುಜರಿಯವನ ತಕ್ಕಡಿ ಕಣ್ಣಿಗೆ ಕಟ್ಟಿತ್ತು. ತಪ್ಪಾಯಿತು, ನಾಳೆಯೇ ಕಳಿಸಿಬಿಡುತ್ತೇನೆ, ಎಷ್ಟು ಹೆದರಿದೆಯೋ ಏನೋ ಎಂದೆ.

ಅವಳು ಇಳಿಯಲಿಲ್ಲ.

"ಅಲ್ಲೆ ಸಪ್ಪಳ ಇರಲಿಲ್ರೀ," ಎಂದಳು. "ಮೂವತ್ತೊಂದ ವರ್ಷ ಆತು ಲಗ್ನಾಗಿ. ನನ್ನ ಉಸರ ನನಗ ಕೇಳಿಸಿದ್ದು ಇವತ್ತ. ಇದ್ದ ಸಪ್ಪಳಂದ್ರ ನಿಮ್ಮದೊಂದ."

ನನಗೆ ನಗು ಬಂತು, ಕಣ್ಣೂ ತುಂಬಿತು. ಹನ್ನೆರಡು ಲೂಮಿನ ಮೇಲಿನ ಮಾಳಿಗೆಯಲ್ಲಿ ಅವಳು ಬಾಣಂತನ ಮಾಡಿಕೊಂಡಳು, ಜ್ವರ ಕಳೆದಳು, ಮಕ್ಕಳನ್ನು ಮಲಗಿಸಿದಳು. ಆ ಖಟಖಟ ನನಗೆ ಅನ್ನದ ಸದ್ದು, ಅದು ನಿಂತರೆ ನನಗೆ ಎಚ್ಚರವಾಗುತ್ತದೆ. ಅವಳಿಗೆ ಹೇಗೋ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೌನವನ್ನು ಅವಳಿಗೆ ತೋರಿಸಲು ನನ್ನ ಕೈಯಲ್ಲಿ ಒಂದು ಗಂಟು ಬಿಚ್ಚಿಹೋಗಬೇಕಾಯಿತು.

ದೋಣಿ ಉಳಿಯಿತು, ಆದರೆ ಈಗ ಅದು ನನ್ನದಲ್ಲ. ತಿಂಗಳಿಗೊಂದು ಭಾನುವಾರ ಅವಳು ಒಬ್ಬಳೇ ಕೂರುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ದಡದಲ್ಲಿ ಹಗ್ಗ ಹಿಡಿದಿರುತ್ತೇನೆ. ಮೊನ್ನೆ ಹೊಸ ಹಗ್ಗ ಕೊಳ್ಳಲು ಗಡಹಿಂಗ್ಲಜದ ಪೇಟೆಗೆ ಹೋದೆ. ಅಂಗಡಿಯವರು ಸುರುಳಿ ಬಿಚ್ಚಿ, ಅಳೆಯಲು ಎರಡೂ ಕೈ ಚಾಚಿ ನಿಂತು, "ಎಷ್ಟ ಮಾರು ಕೊಡ್ಲಿ?" ಎಂದರು.

ಹತ್ತು ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ.

"ಒಂದ ಮಿನಿಟ ನಿಂದರ್ರಿ," ಎಂದೆ. "ಮನಿಯಾಗ ಕೇಳ್ತೇನಿ."