ಹಳೇ ಕಾರಿನ ಏಸಿ ಮತ್ತು ಉಗಾರದ ಬೀಗರು

ನಮ್ಮವರೆಲ್ಲ ಕೇಳಿ, ಇವತ್ತು ನಿಪ್ಪಾಣಿಯಲ್ಲಿ ನಮ್ಮ ಹಳೇ ಕಾರಿನ ಏಸಿಗೆ ಗ್ಯಾಸ್ ತುಂಬಿಸಿದೆ! "ಆ ಡಬ್ಬಾ ಗಾಡಿ ಇನ್ನೆಲ್ಲಿ ತಂಪಾಗ್ತೈತ್ರಿ?" ಎಂದು ಹೋದಲ್ಲೆಲ್ಲ ನಗುತ್ತಿದ್ದ ಉಗಾರದ ಬೀಗರ ಬಾಯಿ ಮುಚ್ಚಿಸಲು ನೇರ ಅವರ ಮನೆಗೇ ಹೊರಟೆವು. ಒಳಗೆ ಎಂಥ ತಂಪು ಅಂತೀರಿ! ಸುಡುಬಿಸಿಲಲ್ಲಿ ನಮ್ಮಾಕೆ ಸೆರಗು ಹೊದ್ದು ಕುಳಿತಿದ್ದಳು.

ಉಗಾರ ಹತ್ತಿರವಾದಂತೆ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳ ಸಾಲು. ಮೇಲೆ ಕುಳಿತವರೆಲ್ಲ ಗುರುತಿನವರೇ.

"ಏನ್ರಿ ಕಾಕಾ, ಎತ್ತಾಗ ಹೊಂಟ್ರಿ?" ಎಂದು ಒಬ್ಬ ಕೂಗಿದ. ಇವಳು ಗಾಜು ಇಳಿಸಿದಳು.

"ಏ, ಇಳಸಬ್ಯಾಡ, ತಂಪ ಹೋಗ್ತೈತಿ!" ಎಂದೆ.

"ಮಾತಾಡ್ಸಿದವ್ರಿಗೆ ಗಾಜ ಏರಿಸಿ ಕುಂತ್ರ, ಕಾರ ಬಂದಮ್ಯಾಲೆ ಸೊಕ್ಕ ಬಂತ ಅಂತಾರ್ರಿ!"

ಸೊಕ್ಕಿನ ಮಾತು ಬಂದಮೇಲೆ ನಾನೂ ನನ್ನ ಕಡೆಯದನ್ನು ಇಳಿಸಿದೆ. ಗಾಡಿಗೊಂದು ನಮಸ್ಕಾರ, ಗಾಡಿಗೊಂದು ಕುಶಲ. ಮತ್ತೆ ಗಾಜು ಏರಿಸುವಷ್ಟರಲ್ಲಿ ಬೀಗರ ಮನೆಯೇ ಬಂದುಬಿಟ್ಟಿತು.

ಬೀಗರು ಕಾರಿನ ಬಾಗಿಲು ತೆಗೆದು ಒಳಗೆ ಕೈಯಾಡಿಸಿದರು. "ಎಲ್ಲೈತ್ರಿ ಬೀಗ್ರ, ತಂಪ?"

ನಾನು ಗಡಬಡಿಸಿ ಗಾಜು ಏರಿಸತೊಡಗಿದೆ. ನಮ್ಮಾಕೆಯೇ ಹೇಳಿದಳು: "ದಾರ್ಯಾಗ ನಿಮ್ಮೂರವ್ರಿಗೆಲ್ಲಾ ಹಂಚಿ ಬಂದೇವ್ರಿ."

ಬೀಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಒಳಗಿನಿಂದ ಒಂದು ಬೀಸಣಿಕೆ ತಂದುಕೊಟ್ಟರು. ಅದನ್ನೇ ಬೀಸಿಕೊಳ್ಳುತ್ತ ಇದನ್ನು ಬರೆಯುತ್ತಿದ್ದೇನೆ. ಗಾಳಿ ಚೆನ್ನಾಗಿದೆ, ಗ್ಯಾಸಿನ ಖರ್ಚೂ ಇಲ್ಲ.