ಹೆಣ್ಣೊಪ್ಪಿಸುವ ಪದ

ಹಳೆಯ ಟೀವಿಯೋ ರೇಡಿಯೋವೋ ಕಾದು ಒಳಗಿನ ಧೂಳು ಬಿಸಿಯಾದ ವಾಸನೆ ಬಂದರೆ ಸಾಕು, ಗಂಜಾಮಿನ ನಮ್ಮ ನಡುಮನೆ ಕಣ್ಣಿಗೆ ಕಟ್ಟುತ್ತದೆ. ಹಿಂದೆಯೇ ಚಿಕ್ಕಪ್ಪನ ಮೇಲಿನ ಸಿಟ್ಟೂ ಬರುತ್ತದೆ. ತೊಂಬತ್ತರ ದಶಕದಲ್ಲಿ ಅರ್ಜಿ ಟೈಪು ಮಾಡಿಕೊಡಲೆಂದು ಅವನು ಮೈಸೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದಿದ್ದ. ನಡೆಸುತ್ತಿದ್ದವಳು ಅವನ ತಂಗಿ, ನಮ್ಮ ಸರೋಜತ್ತೆ. ಕರಿ ಪರದೆ, ಹಸಿರು ಅಕ್ಷರ. ಕೆಲಸ ಮುಗಿದಾಗ ಕಂಟ್ರೋಲ್ ಒತ್ತಿ ಹಿಡಿದು ಕೆ, ಆಮೇಲೆ ಎಕ್ಸ್. ಆಗಲೇ ಬರೆದದ್ದೆಲ್ಲ ಒಳಗೆ ಉಳಿದು ಪ್ರೋಗ್ರಾಮು ಮುಚ್ಚಿಕೊಳ್ಳುವುದು. ಸ್ವಿಚ್ಚು ಆರಿಸುವುದು ಅದಾದ ಮೇಲೆ. “ಮನೆಯಿಂದ ಒಂಟೋರು ಓಗ್ಬುಟ್ ಬತ್ತೀನಿ ಅನ್ನಲ್ವಾ, ಇದಕ್ಕೂ ಅಂಗೇ ಹೇಳ್ಬೇಕು ಕಣೇ,” ಅನ್ನುತ್ತಿದ್ದಳು ನನಗೆ.

ಒಂದು ಸಂಜೆ ಅಜ್ಜಿ ಅವರೆಕಾಯಿ ಸುಲಿಯುತ್ತ, ಅವಳಿಗೊಬ್ಬಳಿಗೇ ಪೂರ್ತಿ ಗೊತ್ತಿದ್ದ, ಮದುವೆಯಲ್ಲಿ ಹಾಡುವ ಹೆಣ್ಣೊಪ್ಪಿಸುವ ಪದ ಹೇಳಿದಳು. ಅತ್ತೆ ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪು ಮಾಡುತ್ತಿದ್ದಳು. ಆ ಪದವನ್ನು ನಡುವೆ ನಿಲ್ಲಿಸಬಾರದು ಅನ್ನುವುದು ರೂಢಿ, ಹಾಗಾಗಿ ಅತ್ತೆಯ ಕೈಯೂ ನಿಲ್ಲಲಿಲ್ಲ. ಇನ್ನೇನು ಮುಗಿಯಬೇಕು, ಉಣ್ಣಲು ಇಕ್ಕುವವರಿಲ್ಲವೆಂದು ಸಿಡುಕುತ್ತ ಚಿಕ್ಕಪ್ಪ ಬಂದ. ಒಂದೇ ನಿಮಿಷ ತಾಳು ಅಂತ ಅತ್ತೆ ಬೇಡಿಕೊಂಡಳು. ಮುದುಕಿ ಪದಕ್ಕೆಲ್ಲ ಕರೆಂಟು ಸುಡಬೇಕಾ ಅಂದವನೇ ವಯರು ಕಿತ್ತ. ಪರದೆ ಚುಕ್ಕಿಯಾಗಿ ಕುಗ್ಗಿ ಆರಿಹೋಯಿತು, ಬರೆದದ್ದೊಂದೂ ಉಳಿಯಲಿಲ್ಲ. ಹೋಗ್ಲಿ ಬುಡವ್ವ, ನಾಳೆ ಹೇಳ್ತೀನಿ ಅಂದಳು ಅಜ್ಜಿ. ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ಲಕ್ವ ಹೊಡೆದು ಬಿದ್ದಳು. ಮಾತು ಮರಳಲಿಲ್ಲ. ಸುಗ್ಗಿಯ ಹೊತ್ತಿಗೆ ಅವಳೇ ಇರಲಿಲ್ಲ.

ಅತ್ತೆಗೆ ನಾಗಮಂಗಲದ ಟೈಪಿಂಗ್ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಹೊಸಿಲ ಬಳಿ ಎಲ್ಲರಿಗೂ, ಮೊರ ಹಿಡಿದು ನಿಂತಿದ್ದ ಪಕ್ಕದ ಮನೆಯವಳಿಗೂ, ಬತ್ತೀನಿ ಅಂದಳು. ಚಿಕ್ಕಪ್ಪನನ್ನು ಮಾತ್ರ ನೆಟ್ಟಗೆ ನೋಡಿ, “ಓಗ್ತೀನಿ ಕಣಣ್ಣ,” ಅಂದಳು.

ಅವನ ಮುಖ ಕಪ್ಪಿಟ್ಟಿತು. “ಬತ್ತೀನಿ ಅನ್ನವ್ವ.”

ಅವಳು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದಳು. ಮತ್ತೆ ಆ ಮನೆಗೆ ಕಾಲಿಡಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಇವತ್ತಿಗೂ ತಣ್ಣಗೇ ಇದೆ.

ಈಗ ಆ ಮನೆಯಿಲ್ಲ, ನಡುಮನೆಯ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಮೊನ್ನೆ ಪಾಂಡವಪುರದ ಆಸ್ಪತ್ರೆಯಲ್ಲಿ ಚಿಕ್ಕಪ್ಪನನ್ನು ನೋಡಲು ಹೋಗಿದ್ದೆ. ಬಡವಾಗಿದ್ದ. ನಾನು ಹೊರಡಲು ಏಳುವಾಗ ಕೈ ಹಿಡಿದುಕೊಂಡು, ನಾಳೆ ಬತ್ತೀಯೇನವ್ವಾ ಅಂತ ಕೇಳಿದ.

“ಓಗ್ತೀನಿ ಚಿಕ್ಕಪ್ಪ,” ಅಂದೆ.

ಅಜ್ಜಿಯ ಪದದ ಮೊದಲ ಸಾಲು ನನಗೆ ಇನ್ನೂ ಬರುತ್ತದೆ. ಎರಡನೆಯದೂ ಬಂದಿದ್ದರೆ ಬತ್ತೀನಿ ಅನ್ನುತ್ತಿದ್ದೆನೋ ಏನೋ.